ಗ್ರಂಥಿಯಿಲ್ಲದ ದೇಹಕ್ಕೆ ಗ್ರಂಥಿ ಜೋಡಿಸುವವರು

ಹಳೆಯ ಚೀನೀ ವೈದ್ಯಗ್ರಂಥಗಳಲ್ಲಿ ಥೈರಾಯ್ಡ್ ಇಲ್ಲ. ಅಡ್ರಿನಲ್ ಇಲ್ಲ, ಪಿಟ್ಯುಟರಿ ಇಲ್ಲ, ಹಾರ್ಮೋನು ಮೊದಲೇ ಇಲ್ಲ. ಆ ವೈದ್ಯವನ್ನು ಹೀಗಳೆಯಲು ನಾನು ಈ ಮಾತು ಹೇಳುತ್ತಿಲ್ಲ. ಕುಮಾರವ್ಯಾಸನಲ್ಲಿ ರೈಲು ಇಲ್ಲ ಎಂದರೆ ಕುಮಾರವ್ಯಾಸನಿಗೆ ಏನೂ ಕಡಿಮೆಯಾಗುವುದಿಲ್ಲ. ಅರ್ಜುನನ ರಥವೇ ರೈಲು ಎಂದು ಯಾರಾದರೂ ಟೀಕು ಬರೆದರೆ ಕಡಿಮೆಯಾಗುತ್ತದೆ, ರಥಕ್ಕೂ, ರೈಲಿಗೂ.

ಆ ಬಗೆಯ ಟೀಕು ಈಗ ಕನ್ನಡದಲ್ಲೂ ಬರತೊಡಗಿದೆ. 'ಚೀನೀ ವೈದ್ಯದ ಪ್ರಕಾರ ಹಾರ್ಮೋನು ಗ್ರಂಥಿಗಳ ಆರೋಗ್ಯ' ಎಂಬ ಧಾಟಿಯ ವಿಡಿಯೋ, ಶಿಬಿರ, ಪುಸ್ತಿಕೆಗಳು. ಕಳೆದ ವರ್ಷ ಇಂಥದೊಂದು ಇಂಗ್ಲಿಷ್ ಪುಸ್ತಿಕೆಯನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ನನಗೆ ಕಳಿಸಿದ್ದರು. ಅದರ ಮೂರನೇ ಪುಟದಲ್ಲಿ ಒಂದು ಪಟ್ಟಿ: ಎಡಕ್ಕೆ ಚೀನೀ ಶಬ್ದಗಳು, ಬಲಕ್ಕೆ ಗ್ರಂಥಿಗಳ ಹೆಸರು, ನಡುವೆ ಸಮ ಚಿಹ್ನೆ. ಕಿಡ್ನಿಯ ಯಾಂಗ್ ಅಂದರೆ ಅಡ್ರಿನಲ್, ಸಾನ್‌ಜಿಯಾವ್ ಅಂದರೆ ಥೈರಾಯ್ಡ್, ಟಿಯೆನ್‌ಗ್ವೇಯ್ ಅಂದರೆ ಈಸ್ಟ್ರೋಜನ್. ಹನ್ನೊಂದನೇ ಪುಟಕ್ಕೆ ಬರುವಷ್ಟರಲ್ಲಿ, ಕಿಡ್ನಿಯ ಯಾಂಗ್ ಬಲಗೊಂಡ ಮೇಲೆ ಥೈರಾಯ್ಡ್ ಮಾತ್ರೆಯನ್ನು ಮೆಲ್ಲಗೆ ಬಿಟ್ಟುಬಿಡಬಹುದು ಎಂಬ ಸಲಹೆ. ನಾನು ಅನುವಾದ ಮಾಡಲಿಲ್ಲ. ಇಂಥವನ್ನು ಕಂಡಾಗ ವೈದ್ಯರು ಹನ್ನೊಂದನೇ ಪುಟದ ಮೇಲೆ ಸಿಟ್ಟಾಗುತ್ತಾರೆ, ಸರಿಯೇ. ಆದರೆ ಅಲ್ಲಿಗೆ ದಾರಿ ಮಾಡಿಕೊಟ್ಟದ್ದು ಮೂರನೇ ಪುಟದ ಆ ಎರಡು ಪುಟ್ಟ ಗೆರೆಗಳು. ಅದು ಅನುವಾದದ ಅಪರಾಧ. ಹಾಗಾಗಿ ಇದು ವೈದ್ಯರಿಗೆ ಬಿಟ್ಟ ವಿಷಯ ಎಂದು ಸಾಹಿತ್ಯದವರು ಸುಮ್ಮನಿರುವಂತಿಲ್ಲ.

ಮೊದಲು 'ಗ್ರಂಥಿ' ಎಂಬ ಶಬ್ದವನ್ನೇ ನೋಡೋಣ. ಇದಕ್ಕೆ ಹಳೆಯ ಚೀನೀ ಬರವಣಿಗೆಯಲ್ಲಿ ಅಕ್ಷರವೇ ಇರಲಿಲ್ಲ. ಅದನ್ನು ಹುಟ್ಟಿಸಿದವನು ಜಪಾನಿನವನು. ಡಚ್ ಪುಸ್ತಕಗಳಿಂದ ಯುರೋಪಿನ ಅಂಗರಚನಾಶಾಸ್ತ್ರವನ್ನು ಕಲಿಯುತ್ತಿದ್ದ ಉದಗಾವ ಗೆನ್‌ಶಿನ್ ಎಂಬ ವೈದ್ಯ 1805ರ ತನ್ನ 'ಇಹಾನ್ ತೇಯ್‌ಕೋ' ಪುಸ್ತಕದಲ್ಲಿ ಹೊಸ ಅಕ್ಷರವೊಂದನ್ನು ಬಳಸಿದ. ಮಾಂಸವನ್ನು ಸೂಚಿಸುವ ಚಿಹ್ನೆಯ ಪಕ್ಕಕ್ಕೆ ನೀರಿನ ಬುಗ್ಗೆ ಎಂಬರ್ಥದ ಅಕ್ಷರವನ್ನು ಕೂರಿಸಿದ, ಮಾಂಸದೊಳಗಿನ ಒರತೆ. ಎಂಥ ಚೆಂದದ ಟಂಕಣೆ ನೋಡಿ. ಆ ಅಕ್ಷರ ಆಮೇಲೆ ಚೀನಾಕ್ಕೆ ಹೋಯಿತು. ಇವತ್ತು ಚೀನೀ ಭಾಷೆಯಲ್ಲಿ ಥೈರಾಯ್ಡಿಗೆ ಜಿಯಾಜ್ವಾಂಗ್‌ಶಿಯೆನ್ ಎನ್ನುವಾಗ ಕೊನೆಯಲ್ಲಿ ಕೇಳಿಸುವ 'ಶಿಯೆನ್' ಅದೇ. ಇನ್ನು ಹಾರ್ಮೋನು ಎಂಬ ಮಾತು ಲಂಡನ್ನಿನಲ್ಲಿ 1905ರಲ್ಲಿ, ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞನ ಉಪನ್ಯಾಸದಲ್ಲಿ ಹುಟ್ಟಿದ್ದು. ಕೆರಳಿಸು ಎಂಬರ್ಥದ ಗ್ರೀಕ್ ಕ್ರಿಯಾಪದದಿಂದ. ಹೀಗಿರುವಾಗ 'ಎರಡು ಸಾವಿರ ವರ್ಷಗಳ ಚೀನೀ ಗ್ರಂಥಿಜ್ಞಾನ' ಎಂಬ ಮಾತಿಗೆ ಏನು ಅರ್ಥ?

ನಮ್ಮ ಕಡೆಯ ಕತೆ ಇದಕ್ಕಿಂತ ತಮಾಷೆಯದು. ಸಂಸ್ಕೃತದ ಗ್ರಂಥಿ ಅಂದರೆ ಗಂಟು. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೊಂದನೇ ಅಧ್ಯಾಯದಲ್ಲಿ ಗ್ರಂಥಿ ಒಂದು ರೋಗ. ಅಪಚಿ, ಅರ್ಬುದ, ಗಳಗಂಡಗಳ ಜೊತೆ ಅದರ ಹೆಸರು ಬರುತ್ತದೆ. ಆ ರೋಗದ ಹೆಸರನ್ನು ಎತ್ತಿ ನಾವು ಆರೋಗ್ಯವಂತ ಅಂಗಕ್ಕೆ ಇಟ್ಟೆವು; ಶಾಲೆಯ ಪಠ್ಯದಲ್ಲಿ 'ನಿರ್ನಾಳ ಗ್ರಂಥಿ' ಎಂದು ಓದಿ ಪರೀಕ್ಷೆ ಬರೆದೆವು. ಜಪಾನಿನವನಿಗೆ ಒರತೆ ಕಂಡಲ್ಲಿ ನಮಗೆ ಗಂಟು ಕಂಡಿತು. ಅದರಿಂದೇನೂ ಅನಾಹುತವಾಗಲಿಲ್ಲ, ಏಕೆಂದರೆ ಸುಶ್ರುತನ ಗ್ರಂಥಿ ಬೇರೆ, ಪಠ್ಯಪುಸ್ತಕದ ಗ್ರಂಥಿ ಬೇರೆ ಎಂಬುದರ ಬಗ್ಗೆ ಯಾರಿಗೂ ಗೊಂದಲವಿಲ್ಲ.

ಗೊಂದಲ ಇರುವುದು ಕಿಡ್ನಿಯಲ್ಲಿ. ಚೀನೀ ವೈದ್ಯದ 'ಶೆನ್' ಎಂಬ ಮಾತನ್ನು ಇಂಗ್ಲಿಷಿನವರು ಕಿಡ್ನಿ ಎಂದು ಅನುವಾದಿಸಿದರು. 'ಹುವಾಂಗ್‌ದಿ ನೇಯ್‌ಜಿಂಗ್' ಎಂಬ ಆಕರಗ್ರಂಥ, ಅಂದರೆ ಹಳದಿ ಸಾಮ್ರಾಟನ ಹೆಸರಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕೂಡಿಬಂದ ಬರಹಗಳ ಸಂಗ್ರಹ, ಶೆನ್ ಬಗ್ಗೆ ಏನು ಹೇಳುತ್ತದೆ? ಅದು ಜಿಂಗ್ ಎಂಬ ಸಾರವನ್ನು ಕೂಡಿಡುತ್ತದೆ. ಮೂಳೆ ಅದರ ಪಾಲು, ಕಿವಿ ಅದರ ಬಾಗಿಲು, ಅದರ ಕಾಂತಿ ತಲೆಗೂದಲಲ್ಲಿ ಕಾಣುತ್ತದೆ. ಕಾಲಗಳಲ್ಲಿ ಚಳಿಗಾಲ, ಭಾವಗಳಲ್ಲಿ ಭಯ ಅದಕ್ಕೆ ಸೇರಿದ್ದು. ಮೊದಲ ಅಧ್ಯಾಯದಲ್ಲೇ ಒಂದು ಅದ್ಭುತ ಲೆಕ್ಕವಿದೆ. ಹೆಣ್ಣಿನ ಬದುಕು ಏಳೇಳು ವರ್ಷಗಳ ಮೆಟ್ಟಿಲು, ಗಂಡಿನದು ಎಂಟೆಂಟು. ಏಳಕ್ಕೆ ಹುಡುಗಿಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ. ಹದಿನಾಲ್ಕಕ್ಕೆ ಟಿಯೆನ್‌ಗ್ವೇಯ್ ಬಂದು ಮುಟ್ಟು ಶುರುವಾಗುತ್ತದೆ. ನಲವತ್ತೊಂಬತ್ತಕ್ಕೆ ಅದು ಬತ್ತುತ್ತದೆ. ಹುಡುಗನಿಗೆ ಹದಿನಾರಕ್ಕೆ ಅದೇ ಟಿಯೆನ್‌ಗ್ವೇಯ್ ಬರುತ್ತದೆ.

ಜೋಡಿಸುವವರು ಚಪ್ಪಾಳೆ ತಟ್ಟುವುದು ಇಲ್ಲಿಯೇ. ಹಲ್ಲು, ಮುಟ್ಟು, ಮೂಳೆ, ಕೂದಲು: ಎಲ್ಲ ಹಾರ್ಮೋನಿನ ಕೆಲಸವಲ್ಲವೇ, ಅವರಿಗೆ ಆಗಲೇ ಗೊತ್ತಿತ್ತಲ್ಲ! ಹಾಗಾದರೆ ಕಿವಿ ಎಲ್ಲಿ ಹೋಯಿತು? ಚಳಿಗಾಲ ಎಲ್ಲಿ? ತಮಗೆ ಬೇಕಾದ ನಾಲ್ಕನ್ನು ಹೆಕ್ಕಿಕೊಂಡು ಬೇಡದ ನಾಲ್ಕನ್ನು ಮೂಲೆಗೆ ಸರಿಸಿದರೆ ಎಂಥ ಪಠ್ಯದಲ್ಲೂ ಎಂಥ ವಿಜ್ಞಾನವನ್ನೂ ಕಾಣಿಸಬಹುದು. ಟಿಯೆನ್‌ಗ್ವೇಯ್ ಈಸ್ಟ್ರೋಜನ್ ಆದರೆ ಹದಿನಾರರ ಹುಡುಗನಿಗೆ ಬಂದದ್ದೇನು? ಅಲ್ಲಿ ಟೆಸ್ಟೋಸ್ಟಿರೋನ್ ಎಂದು ತಿದ್ದುತ್ತಾರೆ. ಮೂಲದಲ್ಲಿ ಇಬ್ಬರಿಗೂ ಒಂದೇ ಹೆಸರು. 'ಟಿಯೆನ್' ಅಂದರೆ ಆಕಾಶ. 'ಗ್ವೇಯ್' ಎಂಬುದು ಚೀನೀ ಪಂಚಾಂಗದ ಹತ್ತು ಕಾಂಡಗಳಲ್ಲಿ ಕೊನೆಯದು, ನೀರಿಗೆ ಸೇರಿದ್ದು. ಮೈಯೊಳಗೆ ಒಂದು ಪಂಚಾಂಗ ಓಡುತ್ತಿದೆ, ಅದು ಹೊರಗಿನ ಪಂಚಾಂಗಕ್ಕೆ ತಾಳ ಹಾಕುತ್ತದೆ ಎಂಬ ಕಲ್ಪನೆ ಆ ಎರಡು ಅಕ್ಷರಗಳಲ್ಲಿದೆ. ಅದನ್ನು ಲ್ಯಾಬ್ ರಿಪೋರ್ಟಿನಲ್ಲಿ ಅಳೆಯುವ ರಾಸಾಯನಿಕಕ್ಕೆ ಇಳಿಸಿದಾಗ ಪಂಚಾಂಗ ಹೋಯಿತು. ಬಂದದ್ದೇನು? ನಮಗೆ ಮೊದಲೇ ಗೊತ್ತಿದ್ದ ಈಸ್ಟ್ರೋಜನ್.

ಮಿಂಗ್‌ಮೆನ್ ಎಂಬ ಮಾತಿಗೂ ಇದೇ ಗತಿ. ಜೀವದ ಬಾಗಿಲು ಎಂದು ಅರ್ಥ. ಅಡ್ರಿನಲ್ ಅಂದರೆ ಇದೇ ಎಂದು ಅನೇಕರು ಬರೆಯುತ್ತಾರೆ. ನೇಯ್‌ಜಿಂಗ್‌ನಲ್ಲಿ ಮಿಂಗ್‌ಮೆನ್ ಅಂದರೆ ಕಣ್ಣು. ಆಮೇಲೆ ಬಂದ 'ನಾನ್‌ಜಿಂಗ್' ಗ್ರಂಥದಲ್ಲಿ ಬಲಗಡೆಯ ಶೆನ್. ಮಿಂಗ್ ರಾಜವಂಶದ ಕಾಲದ ಜಾಂಗ್ ಜಿಯೆಬಿನ್‌ನಂಥ ವೈದ್ಯರ ಬರಹಗಳಲ್ಲಿ ಅದು ಎರಡು ಶೆನ್‌ಗಳ ನಡುವಿನ ಬೆಂಕಿ, ಇಡೀ ಜೀವದ ಮೂಲ. ಒಂದು ಮಾತು ಸಾವಿರದೈನೂರು ವರ್ಷಗಳಲ್ಲಿ ಕಣ್ಣಿನಿಂದ ಸೊಂಟಕ್ಕೆ ಇಳಿದ ಪ್ರವಾಸವಿದು. ಅದರ ಹಿಂದೆ ವೈದ್ಯರ ಜಗಳ, ತತ್ವಜ್ಞಾನ ಎಲ್ಲ ಇದೆ. ಅಡ್ರಿನಲ್ ಎಂದು ಬರೆದವನಿಗೆ ಈ ಪ್ರವಾಸದ ಯಾವ ನಿಲ್ದಾಣವೂ ಕಾಣಿಸುವುದಿಲ್ಲ. ಸಾನ್‌ಜಿಯಾವ್ ಬಗೆಗಂತೂ ನಾನ್‌ಜಿಂಗ್ ನೇರವಾಗಿಯೇ ಹೇಳುತ್ತದೆ, ಅದಕ್ಕೆ ಹೆಸರುಂಟು ರೂಪವಿಲ್ಲ ಎಂಬರ್ಥದಲ್ಲಿ. ರೂಪವಿಲ್ಲದ್ದನ್ನು ಕುತ್ತಿಗೆಯಲ್ಲಿ ಕೈಗೆ ಸಿಗುವ ಥೈರಾಯ್ಡಿಗೆ ಅಂಟಿಸುವ ಧೈರ್ಯ ದೊಡ್ಡದು.

ಇಂಗ್ಲಿಷಿನಲ್ಲಿ ಈ ತೊಡಕಿಗೆ ಒಂದು ಸಣ್ಣ ಉಪಾಯ ಇದೆ. ಟೆಡ್ ಕಪ್‌ಚುಕ್ ಮೊದಲಾದವರು ಚೀನೀ ಕಲ್ಪನೆಯ ಕಿಡ್ನಿಯನ್ನು ದೊಡ್ಡ ಅಕ್ಷರದಿಂದ ಶುರುಮಾಡಿ, ಅಂಗವನ್ನು ಚಿಕ್ಕ ಅಕ್ಷರದಲ್ಲಿ ಬರೆದರು. ಓದುವವನಿಗೆ ಅಷ್ಟಾದರೂ ಎಚ್ಚರಿಕೆ ಸಿಕ್ಕಿತು. ಕನ್ನಡದಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಇಲ್ಲ. ಆ ಎಚ್ಚರಿಕೆ ಕನ್ನಡಕ್ಕೆ ದಾಟುವಾಗಲೇ ಬಿದ್ದುಹೋಗುತ್ತದೆ. ಸಾಲದ್ದಕ್ಕೆ ನಮ್ಮಲ್ಲಿ ಕಿಡ್ನಿಗೆ ಇರುವ ಪುಸ್ತಕದ ಮಾತುಗಳು ಮೂತ್ರಪಿಂಡ ಮತ್ತು ಮೂತ್ರಜನಕಾಂಗ. ಅಂದರೆ ಹೆಸರಿನಲ್ಲೇ ಮೂತ್ರ. 'ಭಯಕ್ಕೂ ಚಳಿಗಾಲಕ್ಕೂ ಸೇರಿದ ಮೂತ್ರಜನಕಾಂಗ' ಎಂಬ ವಾಕ್ಯವನ್ನು ಕನ್ನಡದಲ್ಲಿ ನಗದೆ ಓದುವುದು ಕಷ್ಟ. ಆ ನಗುವಿಗೆ ಹೆದರಿ ಅನುವಾದಕ ಅಡ್ರಿನಲ್ ಕಡೆಗೆ ಓಡುತ್ತಾನೆ. ಅದಕ್ಕೆ ವಿಜ್ಞಾನದ ಗತ್ತು ಇದೆಯಲ್ಲ.

ಶೆನ್ ಎಂದೇ ಉಳಿಸಿಕೊಳ್ಳಬಹುದಿತ್ತು. ಆದರೆ ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಶೆನ್ ಅಂದರೆ ಚೈತನ್ಯ, ಇನ್ನೊಮ್ಮೆ ಬದಲಾದರೆ ಜಿನ್‌ಸೆಂಗ್ ಬೇರು. ಮೂರೂ ಈ ವೈದ್ಯದಲ್ಲಿ ಹೆಜ್ಜೆಹೆಜ್ಜೆಗೆ ಬರುವ ಮಾತುಗಳೇ, ಕನ್ನಡ ಲಿಪಿಯಲ್ಲಿ ಮೂರೂ ಒಂದೇ. ನನ್ನ ಆಯ್ಕೆ 'ವೃಕ್ಕ'. ಆಸ್ಪತ್ರೆಯಲ್ಲಿ ಎಲ್ಲರೂ ಕಿಡ್ನಿ ಎನ್ನುತ್ತಾರೆ, ವೃಕ್ಕ ಎಂದು ಯಾರೂ ಡಯಾಲಿಸಿಸ್ ಮಾಡಿಸಿಕೊಳ್ಳುವುದಿಲ್ಲ. ಇನ್ನೊಂದು ಕಾರಣವೂ ಇದೆ. ಚರಕ ಸಂಹಿತೆಯಲ್ಲಿ ವೃಕ್ಕಗಳು ಮೇದಸ್ಸನ್ನು, ಅಂದರೆ ಕೊಬ್ಬನ್ನು, ಒಯ್ಯುವ ಸ್ರೋತಸ್ಸುಗಳ ಮೂಲ; ಅಲ್ಲಿ ಅವುಗಳ ಜೊತೆ ಮೂತ್ರದ ಮಾತಿಲ್ಲ. ಅಂಗದ ಹೆಸರು ಒಂದೇ ಇದ್ದರೂ ಅಂಗದ ಕಲ್ಪನೆ ಬೇರೆ ಇರಬಹುದು ಎಂಬುದಕ್ಕೆ ಮನೆಯಲ್ಲೇ ಸಾಕ್ಷಿ ಇರುವಾಗ ಚೀನಾದ ಬಗ್ಗೆ ಮಾತ್ರ ಯಾಕೆ ಮರೆಯಬೇಕು? ವೃಕ್ಕ ಎಂದರೆ ಆಯುರ್ವೇದದ ವಾಸನೆ ಬರುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಅಡ್ರಿನಲ್‌ನ ವಾಸನೆಗಿಂತ ವಾಸಿ.

ಸಮ ಚಿಹ್ನೆ ಆಕಾಶದಿಂದ ಬಿದ್ದದ್ದಲ್ಲ, ಅದಕ್ಕೊಂದು ಚರಿತ್ರೆ ಇದೆ. 1958ರಲ್ಲಿ ಮಾವೋ ಚೀನೀ ವೈದ್ಯವನ್ನು ದೊಡ್ಡ ಭಂಡಾರ ಎಂದು ಕರೆದು, ಪಾಶ್ಚಾತ್ಯ ವೈದ್ಯ ಕಲಿತವರು ಅದನ್ನೂ ಕಲಿತು ಮೇಲೆತ್ತಬೇಕು ಎಂದಿದ್ದರು. ಆ ಹೊತ್ತಿನಲ್ಲಿ ಶಾಂಘೈಯಲ್ಲಿ ಶೆನ್ ಝೀಯಿನ್ ಮತ್ತು ಸಂಗಡಿಗರು ಒಂದು ಒಳ್ಳೆಯ ಪ್ರಶ್ನೆ ಎತ್ತಿಕೊಂಡರು. ಬೇರೆ ಬೇರೆ ಕಾಯಿಲೆಯ ರೋಗಿಗಳನ್ನು ಚೀನೀ ವೈದ್ಯರು ವೃಕ್ಕದ ಯಾಂಗ್ ಕೊರತೆ ಎಂಬ ಒಂದೇ ಗುಂಪಿಗೆ ಸೇರಿಸುತ್ತಾರಲ್ಲ, ಇವರ ಮೈಯಲ್ಲಿ ಸಮಾನವಾದದ್ದು ಏನಾದರೂ ಇದೆಯೇ? ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು ಪರೀಕ್ಷಿಸಿದಾಗ, ಅಡ್ರಿನಲ್ ಸ್ರಾವದ ಒಂದು ಕುರುಹು ಅವರಲ್ಲಿ ಕಡಿಮೆ ಇದ್ದದ್ದು ಕಂಡಿತು. ಇದು ಗೌರವಕ್ಕೆ ತಕ್ಕ ಕೆಲಸ. ಆದರೆ ಒಂದು ಗುಂಪಿನವರಲ್ಲಿ ಒಂದು ಕುರುಹು ಕಡಿಮೆ ಇದೆ ಎನ್ನುವುದೂ, ಆ ಗುಂಪಿನ ಹೆಸರೇ ಆ ಗ್ರಂಥಿ ಎನ್ನುವುದೂ ಬೇರೆ ಬೇರೆ ಮಾತು. ಮಲೆನಾಡಿನವರ ಮನೆಗಳಲ್ಲಿ ಕೊಡೆ ಹೆಚ್ಚು. ಹಾಗೆಂದು ಮಲೆನಾಡು ಅಂದರೆ ಕೊಡೆ ಎನ್ನುತ್ತೇವೆಯೇ?

ಶಾಂಘೈನ ಆ ಎಚ್ಚರದ ಫಲಿತಾಂಶ ಸಮುದ್ರ ದಾಟಿದ ಮೇಲೆ ಅಮೆರಿಕದ ಇನ್ನೊಂದು ಸರಕಿನ ಜೊತೆ ಬೆರೆಯಿತು. 'ಅಡ್ರಿನಲ್ ದಣಿವು' ಎಂಬ ಹೆಸರನ್ನು 1998ರಲ್ಲಿ ಜೇಮ್ಸ್ ವಿಲ್ಸನ್ ಎಂಬ ಪರ್ಯಾಯ ಚಿಕಿತ್ಸಕರು ಚಲಾವಣೆಗೆ ತಂದರು. ಒತ್ತಡದಿಂದ ಗ್ರಂಥಿ ಸುಸ್ತಾಗುತ್ತದೆ, ಅದಕ್ಕೇ ನಿಮಗೆ ಸುಸ್ತು ಎಂಬುದು ವಾದ. ಹಾರ್ಮೋನು ತಜ್ಞರ ಸಂಘಗಳು ಅದನ್ನು ರೋಗವೆಂದು ಒಪ್ಪಿಲ್ಲ. 2016ರಲ್ಲಿ 58 ಅಧ್ಯಯನಗಳನ್ನು ಜಾಲಾಡಿದ ಒಂದು ವಿಮರ್ಶೆಗೆ ಅದಕ್ಕೆ ಆಧಾರ ಸಿಗಲಿಲ್ಲ. ಈಗ ಪುಸ್ತಿಕೆಗಳಲ್ಲಿ ನಡೆಯುವ ವ್ಯವಹಾರ ಗಮನಿಸಿ: ಅಡ್ರಿನಲ್ ದಣಿವು ನಿಜ, ಏಕೆಂದರೆ ಚೀನೀಯರು ಅದನ್ನು ವೃಕ್ಕದ ಯಾಂಗ್ ಕೊರತೆ ಎಂದು ಎಂದೋ ಹೇಳಿದ್ದಾರೆ. ಯಾಂಗ್ ಕೊರತೆ ನಿಜ, ಏಕೆಂದರೆ ಅದು ಅಡ್ರಿನಲ್ ದಣಿವು. ಇಬ್ಬರು ಸಾಲಗಾರರು ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗೆ.

ಜೋಡಿಸುವ ಚಟ ಬರೀ ವ್ಯಾಪಾರಿಗಳದ್ದೂ ಅಲ್ಲ. ಚೀನೀ ವಿಜ್ಞಾನದ ಚರಿತ್ರೆಯನ್ನು ಜಗತ್ತಿಗೆ ಪರಿಚಯಿಸಿದ ಜೋಸೆಫ್ ನೀಧಮ್ ಮತ್ತು ಲು ಗ್ವೇಯ್‌ಜೆನ್ 1960ರ ದಶಕದಲ್ಲಿ, ಮಧ್ಯಯುಗದ ಚೀನೀಯರು ಮೂತ್ರದಿಂದ 'ಚಿಯುಶಿ' ಎಂಬ ಬಿಳಿ ಪುಡಿ ತಯಾರಿಸುತ್ತಿದ್ದುದು ಲೈಂಗಿಕ ಹಾರ್ಮೋನುಗಳ ತಯಾರಿಕೆಯೇ ಎಂದು ವಾದಿಸಿದರು. ರೋಮಾಂಚನಗೊಳಿಸುವ ವಾದ. ಆಮೇಲೆ ಹಳೆಯ ವಿಧಾನಗಳಂತೆಯೇ ಪುಡಿ ಮಾಡಿ ಪರೀಕ್ಷಿಸಿದವರಿಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಲವಣಗಳು, ವಾದ ವಿವಾದವಾಯಿತು. ನೀಧಮ್‌ರಂಥ ವಿದ್ವಾಂಸರಿಗೇ ಚೀನಾದ ಹೆಚ್ಚುಗಾರಿಕೆಯನ್ನು ಯುರೋಪಿನ ನಾಣ್ಯದಲ್ಲಿ ಎಣಿಸಿ ತೋರಿಸುವ ಆಸೆ ಬಿಡಲಿಲ್ಲ.

ಆ ನಾಣ್ಯವೇ ಬೇಡ ಎಂಬುದಕ್ಕೆ ಗಳಗಂಡದ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕುತ್ತಿಗೆಯ ಊತಕ್ಕೆ ಚೀನೀ ಹೆಸರು 'ಯಿಂಗ್'. ಕ್ರಿಸ್ತಪೂರ್ವ ಮೂರನೇ ಶತಮಾನದ 'ಲ್ಯೂಷಿ ಚುನ್‌ಚಿಯು'ವಿನಲ್ಲೇ, ನೀರು ಹಗುರವಾಗಿರುವ ಸೀಮೆಯಲ್ಲಿ ಬೋಳುತಲೆಯವರೂ ಯಿಂಗ್ ಇರುವವರೂ ಹೆಚ್ಚು ಎಂಬ ಗಮನಿಕೆ ಇದೆ. 610ರಲ್ಲಿ ಚಾವ್ ಯುವಾನ್‌ಫಾಂಗ್ ಬರೆದ ರೋಗಕಾರಣಗಳ ಗ್ರಂಥ ಎರಡು ಕಾರಣ ಕೊಡುತ್ತದೆ: ದುಃಖ ಸಿಟ್ಟುಗಳಿಂದ ಪ್ರಾಣವಾಯು ಗಂಟುಕಟ್ಟುವುದು, ಮತ್ತು ಕೆಲವು ಬೆಟ್ಟಸೀಮೆಗಳ ನೀರು. ನಾಲ್ಕನೇ ಶತಮಾನದ ಗೆ ಹೋಂಗ್ ಇದಕ್ಕೆ ಮದ್ಯದಲ್ಲಿ ನೆನೆಸಿದ ಕಡಲಪಾಚಿ ಕೊಡಲು ಹೇಳಿದ. ಏಳನೇ ಶತಮಾನದ ಸುನ್ ಸಿಮಿಯಾವ್‌ನ ಮದ್ದುಗಳಲ್ಲಿ ಕಡಲಪಾಚಿಯ ಜೊತೆ ಪ್ರಾಣಿಗಳ ಕುತ್ತಿಗೆಯ ಆ ಭಾಗದ ಮಾಂಸವೂ ಬರುತ್ತದೆ. ಯುರೋಪಿನಲ್ಲಿ ಕೂರ್ತ್ವಾ ಕಡಲಪಾಚಿಯ ಬೂದಿಯಿಂದ ಅಯೊಡಿನ್ ಕಂಡದ್ದು 1811ರಲ್ಲಿ, ಜಿನೀವಾದ ಕ್ವಾಂದೆ ಅದನ್ನು ಗಳಗಂಡಕ್ಕೆ ಕೊಟ್ಟದ್ದು 1820ರಲ್ಲಿ, ಇಂಗ್ಲೆಂಡಿನ ಮರ್ರೆ ಕುರಿಯ ಥೈರಾಯ್ಡ್ ಸಾರದಿಂದ ರೋಗಿಯನ್ನು ಉಳಿಸಿದ್ದು 1891ರಲ್ಲಿ.

ನನಗೆ ಇಲ್ಲಿ ಮುಖ್ಯವಾದದ್ದು, ಗೆ ಹೋಂಗ್‌ಗೆ ಥೈರಾಯ್ಡಿನ ಕೆಲಸ ಗೊತ್ತಿರಲಿಲ್ಲ ಎಂಬುದೇ. ಗ್ರಂಥಿಯ ಕಲ್ಪನೆಯೇ ಇಲ್ಲದೆ, ನೀರು, ನೆಲ, ಸಿಟ್ಟು, ಕಡಲು ಎಂಬ ಮಾತುಗಳಲ್ಲೇ ಯೋಚಿಸುತ್ತ ಅವರು ಕೆಲಸ ಮಾಡುವ ಮದ್ದಿಗೆ ತಲುಪಿದರು. ಇದನ್ನು 'ಅವರಿಗೆ ಥೈರಾಯ್ಡ್ ಗೊತ್ತಿತ್ತು' ಎಂದು ಅನುವಾದಿಸಿದರೆ ಅವರ ನಿಜವಾದ ಸಾಧನೆ ಕಾಣದಾಗುತ್ತದೆ. ರೋಗಿಗೆ ಆಗುವ ನಷ್ಟ ಇನ್ನೂ ದೊಡ್ಡದು. ಕಡಲಪಾಚಿ ಕೆಲಸ ಮಾಡಿದ್ದು ಅಯೊಡಿನ್ ಕೊರತೆಯಿಂದ ಬಂದ ಊತಕ್ಕೆ. ಅಯೊಡಿನ್ ಬೆರೆಸಿದ ಉಪ್ಪು ತಿನ್ನುವ ಇಂದಿನ ಊರುಗಳಲ್ಲಿ ಥೈರಾಯ್ಡ್ ಕುಗ್ಗುವುದಕ್ಕೆ ಬಹುಪಾಲು ಕಾರಣ ದೇಹದ ರಕ್ಷಣಾವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು. ಅಂಥವರಿಗೆ ವಿಪರೀತ ಅಯೊಡಿನ್ ಕೊಟ್ಟರೆ ಇರುವುದೂ ಕೆಡಬಹುದು. ಯಿಂಗ್ ಎಂಬುದನ್ನು ಯಿಂಗ್ ಎಂದೇ ಬಿಟ್ಟಿದ್ದರೆ, ಅದು ಕಣ್ಣಿಗೆ ಕಾಣುವ ಊತದ ಹೆಸರು ಎಂದು ತಿಳಿಯುತ್ತಿತ್ತು. 'ಥೈರಾಯ್ಡ್ ಸಮಸ್ಯೆ' ಎಂದು ಬರೆದ ಕೂಡಲೇ ಊತವೇ ಇಲ್ಲದವರೂ ಕಡಲಪಾಚಿಯ ಕ್ಯಾಪ್ಸೂಲ್ ಕೊಳ್ಳುತ್ತಾರೆ.

ಸಂಪ್ರದಾಯವೂ ಪುಸ್ತಿಕೆಗಳು ತೋರಿಸುವಷ್ಟು ಒಮ್ಮತದ್ದಲ್ಲ. ಒಟ್ಟಿಗೆ ಕೊಡಬಾರದ ಮದ್ದುಗಳ 'ಹದಿನೆಂಟು ವಿರೋಧ' ಎಂಬ ಹಳೆಯ ಪಟ್ಟಿಯಲ್ಲಿ ಕಡಲಪಾಚಿ ಮತ್ತು ನಮ್ಮ ಗ್ರಂಧಿಗೆ ಅಂಗಡಿಯಲ್ಲೂ ಸಿಗುವ ಜ್ಯೇಷ್ಠಮಧು ಸೇರಿವೆ. ಹಾಗಿದ್ದೂ ಚೆನ್ ಶಿಗೋಂಗ್ 1617ರ ತನ್ನ ಶಸ್ತ್ರವೈದ್ಯದ ಗ್ರಂಥದಲ್ಲಿ ಯಿಂಗ್‌ಗೆ ಕೊಟ್ಟ ಪ್ರಸಿದ್ಧ ಕಷಾಯದಲ್ಲಿ ಎರಡನ್ನೂ ಹಾಕಿದ್ದಾನೆ. ಅವನು ಯಾಕೆ ಹಾಗೆ ಮಾಡಿದ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಆ ಚರ್ಚೆಯನ್ನು ಕನ್ನಡಕ್ಕೆ ತಂದರೆ ನಾನು ಖುಷಿಯಿಂದ ಓದುತ್ತೇನೆ.

'ರೋಗಿಗೆ ಅರ್ಥವಾಗಬೇಕಲ್ಲ ಸ್ವಾಮಿ, ಗೊತ್ತಿರುವ ಹೆಸರು ಹೇಳಿದರೆ ತಪ್ಪೇನು?' ಎಂದು ಕೇಳುವವರಿದ್ದಾರೆ. ಹೆಸರು ಅದಲುಬದಲಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಸೆಲ್ಸ್ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ತೂಕ ಇಳಿಸುವ ಚಿಕಿತ್ಸೆಯೊಂದರಲ್ಲಿ ಚೀನೀ ಮೂಲಿಕೆಗಳನ್ನು ಸೇರಿಸಿದರು. ಕೊಡಬೇಕಾಗಿದ್ದದ್ದು ಒಂದು ಬಗೆಯ 'ಫಾಂಗ್‌ಜಿ'. ಫಾಂಗ್‌ಜಿ ಎಂಬ ಹೆಸರು ಇನ್ನೊಂದು ಗಿಡಕ್ಕೂ ಇದೆ; ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಹೆಸರಿನ ಗೊಂದಲದಲ್ಲಿ ಬಂದದ್ದು ಆ ಎರಡನೆಯದು. ನೂರಕ್ಕೂ ಹೆಚ್ಚು ಮಂದಿಗೆ, ಬಹುತೇಕ ಹೆಂಗಸರಿಗೆ, ಕಿಡ್ನಿ ಹಾಳಾಯಿತು. ಅನೇಕರಿಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಯಿತು, ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಅದು ವೃಕ್ಕವಲ್ಲ, ಕಿಡ್ನಿ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಕಿಡ್ನಿ.

ಅಡ್ರಿನಲ್ ವಿಷಯದಲ್ಲಿ ನನ್ನ ಹೆದರಿಕೆ ಇದೇ ತೂಕದ್ದು. 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ರೋಗದಲ್ಲಿ ಆ ಗ್ರಂಥಿಗಳು ನಿಜವಾಗಿಯೇ ಕೆಡುತ್ತವೆ. ರೋಗಿ ದಿನವೂ ಹೈಡ್ರೊಕಾರ್ಟಿಸೋನ್ ತೆಗೆದುಕೊಂಡೇ ಬದುಕುತ್ತಾನೆ. ಆಸ್ತಮಾಕ್ಕೋ ಕೀಲುವಾತಕ್ಕೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಹೊರಗಿನಿಂದ ಬರುವುದನ್ನು ನೆಚ್ಚಿ ಅವರ ಗ್ರಂಥಿ ಮಲಗಿರುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ವೈದ್ಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸುತ್ತ ಬರುವುದು ಅದಕ್ಕೇ. ಇಂಥವರ ಕೈಗೆ 'ನಿಮ್ಮದು ಅಡ್ರಿನಲ್ ಯಾಂಗ್ ಕೊರತೆ, ಪಾದದ ಈ ಬಿಂದು ಒತ್ತಿ' ಎಂಬ ಪುಟ ಹೋದರೆ, ಅದರಲ್ಲಿ ಅಡ್ರಿನಲ್ ಎಂಬ ಪದ ಇರುವುದರಿಂದಲೇ ಅವರು ಅದನ್ನು ತಮ್ಮ ಕಾಯಿಲೆಯ ಮಾತು ಎಂದು ನಂಬುತ್ತಾರೆ. ವೃಕ್ಕದ ಯಾಂಗ್ ಎಂದಿದ್ದರೆ ಕನಿಷ್ಠಪಕ್ಷ ಏನು ಹಾಗೆಂದರೆ ಎಂದು ಯಾರನ್ನಾದರೂ ಕೇಳುತ್ತಿದ್ದರು. ಕಾರ್ಟಿಸೋನನ್ನು ಮೊದಲ ರೋಗಿಗೆ ಚುಚ್ಚಿದ್ದು 1948ರಲ್ಲಿ. ಅದನ್ನು ಹೇಗೆ ಇಳಿಸಬೇಕು ಎಂದು ಹಳದಿ ಸಾಮ್ರಾಟನ ಪುಸ್ತಕ ಹೇಳಿದೆ ಎನ್ನುವವರು ಯಾವ ಅಧ್ಯಾಯ ಎಂದು ತೋರಿಸಲಿ, ಅದನ್ನು ಕೂಲಿಯಿಲ್ಲದೆ ಅನುವಾದ ಮಾಡಿಕೊಡುತ್ತೇನೆ.